ಕಲಿಯುಗ ಕರ್ಣನಿಗೆ ಎಷ್ಟಡಿ ಫ್ಲೆಕ್ಸು?

ಉಡುಪಿಯ ಯಾವುದಾದರೊಂದು ಸಹಕಾರಿ ಸೊಸೈಟಿಗೆ ಹೋಗಿ ಐವತ್ತು ಸಾವಿರ ರೂಪಾಯಿ ಸಾಲ ಕೇಳಿ ನೋಡಿ. ಇಬ್ಬರು ಜಾಮೀನುದಾರರು ಬೇಕು. ಇಬ್ಬರೂ ಅದೇ ಸೊಸೈಟಿಯ ಸದಸ್ಯರಾಗಿರಬೇಕು. ಆಧಾರ್ ಪ್ರತಿ, ಎರಡೆರಡು ಫೋಟೊ, ಜಾಗ ಇದ್ದರೆ ಪಹಣಿ. ಮೂವರೂ ಒಟ್ಟಿಗೆ ಬಂದು ಗುಮಾಸ್ತರ ಕಣ್ಣೆದುರೇ ಸಹಿ ಹಾಕಬೇಕು. ಹಳೆಯ ಕಾರ್ಡಿನ ಸಹಿಗೆ ಹೊಂದದಿದ್ದರೆ, ಕೈ ನಡುಗುವ ಅಜ್ಜನಾದರೂ ಸರಿ, ಇನ್ನೊಮ್ಮೆ ಹಾಕಬೇಕು. ಮೂರು ಕಂತು ತಪ್ಪಿತೋ, ನೋಟಿಸು ಜಾಮೀನು ನಿಂತ ಪಾಪದವನ ಮನೆಗೂ ಹೋಗುತ್ತದೆ. ‘ಆ ಸಹಿ ನನ್ನದಲ್ಲ ಮಾರಾಯ್ರೆ’ ಎಂದು ಅವನು ಓಡಿಬಂದರೆ ಸೆಕ್ರೆಟರಿ ಕುಡಿಯುತ್ತಿದ್ದ ಚಾ ಕೆಳಗಿಡುವುದೂ ಇಲ್ಲ.

ಐದು ಕೋಟಿ ಡಾಲರ್ ಸಾಲದ ಕ್ರಮ ಸ್ವಲ್ಪ ಬೇರೆ. ನಮ್ಮ ಕಾಪುವಿನ ಬಿ.ಆರ್. ಶೆಟ್ಟರ ಕಂಪನಿಗೆ ಸ್ಟೇಟ್ ಬ್ಯಾಂಕ್ 2018ರಲ್ಲಿ ಅಷ್ಟು ಕೊಟ್ಟಿತ್ತು. ವೈಯಕ್ತಿಕ ಜಾಮೀನು ಶೆಟ್ಟರದ್ದು. ಆ ಸಹಿ ನನ್ನದಲ್ಲ, ಯಾರೋ ನಕಲಿ ಮಾಡಿದ್ದು ಎಂದು ಅವರು ದುಬೈ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದ ಕೋರ್ಟಿನಲ್ಲಿ ವಾದಿಸಿದರು. ಕೋರ್ಟು ನಂಬಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಮಾರು 4.6 ಕೋಟಿ ಡಾಲರ್ ಬ್ಯಾಂಕಿಗೆ ಕಟ್ಟಿ ಎಂದಿತು. ಅಂದರೆ ಸೊಸೈಟಿಯ ಸೆಕ್ರೆಟರಿ ಒಂದು ಚಾ ಮುಗಿಸುವುದರೊಳಗೆ ಹೇಳುವುದನ್ನು ಹೇಳಲು ಅಲ್ಲಿ ಸಾಲ ಕೊಟ್ಟ ಮೇಲೆ ಏಳು ವರ್ಷ ಹಿಡಿಯಿತು.

ಶೆಟ್ಟರ ಕಥೆ ಗೊತ್ತಿಲ್ಲದವರು ಈ ಜಿಲ್ಲೆಯಲ್ಲಿ ಇಲ್ಲ. 1973ರಲ್ಲಿ ಅಬುಧಾಬಿಗೆ ಹೋದದ್ದು, ಮನೆಮನೆಗೆ ಔಷಧಿ ಮಾರಿದ್ದು, ಎನ್ಎಂಸಿ ಆಸ್ಪತ್ರೆ, ಯುಎಇ ಎಕ್ಸ್‌ಚೇಂಜ್, 2009ರ ಪದ್ಮಶ್ರೀ, ಬುರ್ಜ್ ಖಲೀಫಾದಲ್ಲಿ ಇಡೀ ಎರಡು ಮಹಡಿ, ಲಂಡನ್ ಷೇರುಪೇಟೆ. ಆಮೇಲೆ 2019ರ ಡಿಸೆಂಬರ್‌ನಲ್ಲಿ ಎನ್ಎಂಸಿಯ ಲೆಕ್ಕವನ್ನೇ ಪ್ರಶ್ನಿಸಿದ, ಮಡ್ಡಿ ವಾಟರ್ಸ್ ಎಂಬ ಹೂಡಿಕೆ ಸಂಸ್ಥೆಯ ವರದಿ. ಲೆಕ್ಕದ ಪುಸ್ತಕದಲ್ಲಿ 210 ಕೋಟಿ ಡಾಲರ್ ಇದ್ದ ಸಾಲ, ಕೆಲವೇ ತಿಂಗಳಲ್ಲಿ ಹುಡುಕುತ್ತ ಹೋದಂತೆ 660 ಕೋಟಿ ಡಾಲರ್ ಆಯಿತು. ಮೋಸ ಮಾಡಿದ್ದು ನನ್ನ ಕೈಕೆಳಗಿನವರು ಎಂದು ಶೆಟ್ಟರು ಹೇಳುತ್ತ ಬಂದಿದ್ದಾರೆ. ಇರಬಹುದು, ಅದಕ್ಕೆ ಕೋರ್ಟುಗಳಿವೆ. ನನ್ನ ತಕರಾರು ಇಲ್ಲಿ ಪೇಟ ಹಿಡಿದುಕೊಂಡು ಕಾಯುತ್ತಿದ್ದ ನಮ್ಮ ಮೇಲೆ.

ಪೇಟಕ್ಕೆ ಆಮೇಲೆ ಬರೋಣ. ಮೊದಲು ಫ್ಲೆಕ್ಸು. ಕರಾವಳಿಯಲ್ಲಿ ದಾನಿಯ ಹೆರಿಗೆಯಾಗುವುದು ಫ್ಲೆಕ್ಸ್ ಅಂಗಡಿಯಲ್ಲಿ.

ಬಸ್ ಸ್ಟ್ಯಾಂಡಿನ ಪಕ್ಕಕ್ಕಾದರೆ ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ ಸಾಕು. ಹೆದ್ದಾರಿಯ ಜಂಕ್ಷನ್ನಿಗೆ ಇಪ್ಪತ್ತು–ಹತ್ತು. ಚದರಡಿಗೆ ಹತ್ತರಿಂದ ಹದಿನೈದು ರೂಪಾಯಿ ಹಿಡಿದರೂ ಇನ್ನೂರು ಚದರಡಿಯ ಮಹಾದಾನಿ ಎರಡು–ಮೂರು ಸಾವಿರದಲ್ಲಿ ತಯಾರು. ದೇವರು ಮೇಲೆ ನಡುವಿನಲ್ಲಿ, ಚಿಕ್ಕ ವೃತ್ತದೊಳಗೆ. ಸ್ವಾಮೀಜಿ ಎಡಗಡೆ, ಎದೆಯ ತನಕ. ದಾನಿ ಬಲಗಡೆ, ನೆತ್ತಿಯಿಂದ ಚಪ್ಪಲಿಯವರೆಗೆ, ಕೈಮುಗಿದುಕೊಂಡು. ಕೆಳಗೆ ‘ಶುಭಕೋರುವವರು’ ಎಂದು ಇಪ್ಪತ್ತು ತಲೆಗಳು, ತಟ್ಟೆಯಲ್ಲಿಟ್ಟ ಇಡ್ಲಿಯ ಹಾಗೆ. ಕೆಲಸ ಕೆಡುವುದು ಎರಡು ಕಡೆ. ಒಂದು, ಫೋಟೊ. ದಾನಿಯ ಮಗ ವಾಟ್ಸಾಪಿನಲ್ಲಿ ಕಳಿಸಿದ ನೂರು ಕೆಬಿಯ ಚಿತ್ರವನ್ನು ಆರಡಿಗೆ ಎಳೆದರೆ ಮುಖದ ತುಂಬ ಮೊಸಾಯಿಕ್ ಟೈಲ್ಸು. ಇನ್ನೊಂದು, ಅಕ್ಷರ. ಒಂದು ಬಗೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದಕ್ಕೆ ಹಾಗೇ ತಂದು ಹಾಕಿದರೆ ಅರ್ಕಾವತ್ತು ಜಾರುತ್ತದೆ. ‘ಕಲಿಯುಗ ಕರ್ಣ’ ಹೋಗಿ ‘ಕಲಿಯುಗ ಕಣರ್’ ಆಗುತ್ತಾನೆ, ‘ಧರ್ಮ’ ‘ಧಮರ್’ ಆಗುತ್ತದೆ. ಮೂರು ದಿನ ನೇತಾಡಿದರೂ ಯಾರೂ ಓದಿ ಹೇಳುವುದಿಲ್ಲ. ಫ್ಲೆಕ್ಸು ಇರುವುದು ಓದಲಿಕ್ಕಲ್ಲವಲ್ಲ.

ಚೌಕಟ್ಟಿಗೆ ಅಡಕೆ ಮರದ ಸಲಾಕೆ, ಎರಡಿಂಚಿನ ಮೊಳೆ, ಕಟ್ಟಲಿಕ್ಕೆ ತಂತಿ. ಇಷ್ಟು ಮಾಡಿ ನಿಲ್ಲಿಸಿದರೆ ಸಂಜೆಯ ಕಡಲಗಾಳಿಗೆ ಅದು ಹಾಯಿಯಂತೆ ಉಬ್ಬಿ, ಸಲಾಕೆ ಮೊಳೆ ಹೊಡೆದಲ್ಲೇ ಸೀಳಿ, ದಾನಿ ಸಮೇತ ಯಾರದ್ದೋ ಸ್ಕೂಟರಿನ ಮೇಲೆ ಬೀಳುತ್ತಾನೆ. ಅದಕ್ಕೆ ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಅಂಗೈ ಅಗಲದ ಅರ್ಧಚಂದ್ರ ಕೊಯ್ಯಬೇಕು, ಗಾಳಿ ಸೀಳಿಕೊಂಡು ಹೋಗಲಿಕ್ಕೆ. ಎಲ್ಲಿ ಕೊಯ್ಯುವುದು? ದೇವರ ಮೇಲೆ ಆಗುವುದಿಲ್ಲ. ಸ್ವಾಮೀಜಿಯ ಮೇಲೆ ಕೊಯ್ದರೆ ಗಲಾಟೆ. ದಾನಿಯ ಮೇಲೆ ಕೊಯ್ದರೆ ಬಿಲ್ಲು ಪಾಸಾಗುವುದಿಲ್ಲ. ಹಾಗಾಗಿ ಕತ್ತರಿ ಸೀದಾ ಕೆಳಗಿನ ಸಾಲಿಗೆ ಬರುತ್ತದೆ. ಶುಭಕೋರಿದ ಯುವಕ ಮಂಡಲದ ಅಧ್ಯಕ್ಷರಿಗೆ ಮೂಗಿರುವುದಿಲ್ಲ, ಕೋಶಾಧಿಕಾರಿಯ ಬಾಯಿಯೊಳಗಿಂದ ಹಿಂದಿನ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದೆ ಎಂಬುದನ್ನು ಇಲ್ಲಿ ಹೇಳಬೇಕು. ಹೇಳಿದೆ.

ಆದರೂ ಒಂದು ಮಾತು ಒಪ್ಪಬೇಕು. ದಾನಿಗಳಿಂದ ಊರಿಗೆ ನಿಜವಾದ ಉಪಕಾರ ಆಗುವುದು ಫ್ಲೆಕ್ಸ್ ಇಳಿಸಿದ ಮೇಲೆಯೇ. ಜೂನ್ ಮೊದಲ ವಾರ ಸೌದೆ ಕೊಟ್ಟಿಗೆಯ ಬದಿಗೆ, ಬಚ್ಚಲಿನ ಮಾಡಿಗೆ, ದನದ ಹಟ್ಟಿಗೆ ಅದನ್ನು ಕಟ್ಟುತ್ತಾರೆ. ನಾಲ್ಕು ತಿಂಗಳ ಮಳೆಯನ್ನು ಒಬ್ಬ ಉದ್ಯಮಿ ಎದೆಯೊಡ್ಡಿ ತಡೆಯುತ್ತಾನೆ, ಒಂದು ಸನ್ಮಾನವನ್ನೂ ಕೇಳದೆ.

‘ಉದ್ಯಮಿ’ ಎಂದಾಗ ನೆನಪಾಯಿತು. ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಮುಂದೆ ‘ಉದ್ಯಮಿ, ಮುಂಬಯಿ’ ಎಂದಿರುತ್ತದೆ, ‘ಉದ್ಯಮಿ, ದುಬೈ’ ಎಂದಿರುತ್ತದೆ. ಯಾವ ಉದ್ಯಮ ಎಂದು ಮಾತ್ರ ಎಲ್ಲೂ ಇರುವುದಿಲ್ಲ. ಡಾಕ್ಟರು ಎಲುಬಿನವರೋ ಹಲ್ಲಿನವರೋ ಎಂದು ಕೇಳುವ ಜನ, ಉದ್ಯಮಿಯನ್ನು ಏನೂ ಕೇಳುವುದಿಲ್ಲ. ಕೇಳಿದರೆ ದೇಣಿಗೆ ಕಡಿಮೆಯಾಗುತ್ತದೆ ಎಂಬ ಭಯವಿರಬೇಕು.

ಈಗ ಪೇಟ. ರೆಡಿಮೇಡ್ ಮೈಸೂರು ಪೇಟದ ಅಳತೆ ಯಾರ ತಲೆಯನ್ನು ನೋಡಿ ತೆಗೆದದ್ದೋ ಗೊತ್ತಿಲ್ಲ. ಗಲ್ಫಿನಿಂದ ಬಂದ ತಲೆಗೆ ಅದು ಕೂರುವುದಿಲ್ಲ. ಹಿಂದೆ ಹೊಲಿಗೆ ಬಿಚ್ಚಿ ಸೇಫ್ಟಿ ಪಿನ್ ಹಾಕಿಡುವುದು ಅನುಭವಸ್ಥ ಸಮಿತಿಯ ಲಕ್ಷಣ. ಅನುಕ್ರಮವೂ ಮುಖ್ಯ: ಮೊದಲು ಶಾಲು, ಮತ್ತೆ ಪೇಟ, ಹಾರ ಕೊನೆಗೆ. ಹಾರ ಮೊದಲು ಹಾಕಿದರೆ ಶಾಲಿನಡಿಯಲ್ಲಿ ಅಪ್ಪಚ್ಚಿ. ಹಾರ ಕೊನೆಗೆ ಹಾಕಿದರೆ ಪೇಟಕ್ಕೆ ಸಿಕ್ಕಿ ಎರಡೂ ಒಟ್ಟಿಗೆ ಕೆಳಗೆ. ಆದ್ದರಿಂದ ಹಾರ ಹಾಕುವಾಗ ಒಬ್ಬ ಹಿಂದಿನಿಂದ ಪೇಟ ಒತ್ತಿ ಹಿಡಿಯಬೇಕು. ಫೋಟೊದಲ್ಲಿ ದಾನಿಯ ತಲೆಯ ಮೇಲೆ ಕಾಣುವ ನಾಲ್ಕು ಬೆರಳು ಅವನದ್ದು. ಹಣ್ಣಿನ ಬುಟ್ಟಿಯಲ್ಲಿ ನಡುವೆ ಅನಾನಸು, ಸುತ್ತ ಸ್ಟಿಕ್ಕರ್ ಅಂಟಿಸಿದ ಸೇಬು, ಅಡಿಯಲ್ಲಿ ಅರ್ಧ ಬುಟ್ಟಿ ಮುದುಡಿದ ಪೇಪರು. ದಾನಿಯ ಹೆಂಡತಿಗೆ ಶಂಕರಪುರ ಮಲ್ಲಿಗೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಸನ್ಮಾನ ಇಟ್ಟುಕೊಂಡರೆ ಶಾಲು, ಪೇಟ, ಬುಟ್ಟಿ ಎಲ್ಲ ಸೇರಿದರೂ ಒಂದು ಅಟ್ಟೆಯ ರೇಟು ಮುಟ್ಟುವುದು ಕಷ್ಟ. ಈ ಇಡೀ ವ್ಯವಹಾರದಲ್ಲಿ ದಿನದ ಬೆಲೆ ದಿನವೇ ನಿಗದಿಯಾಗಿ, ಬೆಳೆದವರ ಕೈಗೆ ದುಡ್ಡು ಸಿಗುವುದು ಈ ಹೂವೊಂದಕ್ಕೆ.

ಕೊನೆಗೆ ಅಭಿನಂದನಾ ಪತ್ರ. ಕನ್ನಡ ಲೆಕ್ಚರರ್ ಒಬ್ಬರು ಏಳು ನಿಮಿಷ ಓದಬೇಕು. ಹೋದ ವರ್ಷದ ದಾನಿಗೆ ಬರೆದದ್ದನ್ನೇ ಹೆಸರು ಬದಲಿಸಿ ಓದುವುದು ರೂಢಿ. ಅಪಾಯ ಇರುವುದು ಮೂರನೇ ಪ್ಯಾರಾದಲ್ಲಿ, ಹಳೆಯ ಹೆಸರು ಅಲ್ಲೊಂದು ಉಳಿದಿರುತ್ತದೆ.

ದುಡ್ಡು ಎಲ್ಲಿ ಎಂದು ಕೇಳುತ್ತೀರಿ. ದೇವಸ್ಥಾನದ ಬ್ರಹ್ಮಕಲಶೋತ್ಸವದ ವೇದಿಕೆಯಲ್ಲಿ ಮೈಕು ಐದು ಲಕ್ಷ ಎನ್ನುತ್ತದೆ, ಚಪ್ಪಾಳೆ ಬೀಳುತ್ತದೆ. ಕೋಶಾಧಿಕಾರಿಯ ಪುಸ್ತಕದಲ್ಲಿ ಅದು ‘ಬರಬೇಕಾದ ಬಾಬ್ತು’ ಕಾಲಮ್ಮಿಗೆ ಹೋಗುತ್ತದೆ. ಹಂದರದವನಿಗೆ, ಅಡುಗೆಯವನಿಗೆ ಮರುದಿನವೇ ಕೊಡಬೇಕು. ಮೈಕಿನ ಐದು ಲಕ್ಷಕ್ಕೆ ಕೋಶಾಧಿಕಾರಿ ಆರು ತಿಂಗಳು ಫೋನು ಮಾಡಬೇಕು. ಕೆಲವು ಸಲ ದಾನ ಬರುವುದು ಕಂಪನಿಯ ಸಿಎಸ್ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಖಾತೆಯಿಂದ. 2013ರ ಕಂಪನಿ ಕಾಯ್ದೆಯ ಪ್ರಕಾರ ಐದು ಕೋಟಿ ನಿವ್ವಳ ಲಾಭ ಮಾಡುವ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ ಎರಡನ್ನು ಹೀಗೆ ಖರ್ಚು ಮಾಡಲೇಬೇಕು. ನಾವು ಪಂಚಾಯತಿಗೆ ಮನೆ ತೆರಿಗೆ ಕಟ್ಟುವುದೂ ಕಾನೂನಿಗೆ ಹೆದರಿಯೇ. ನಮಗೆ ಯಾರೂ ಪೇಟ ತೊಡಿಸಿದ್ದಿಲ್ಲ.

ಕಲಿಯುಗ ಕರ್ಣ ಎಂಬ ಬಿರುದನ್ನು ಕೊಡುವವರು ಒಮ್ಮೆ ಇಡೀ ರಾತ್ರಿ ಕೂತು ಕರ್ಣಪರ್ವದ ಯಕ್ಷಗಾನ ಆಟ ನೋಡಬೇಕು. ಕರ್ಣ ದಾನ ಕೊಟ್ಟದ್ದು ತನ್ನ ಮೈಗಂಟಿದ ಕವಚವನ್ನು, ಕೊಯ್ದು. ಅಂಗರಾಜ್ಯವೋ, ಅದು ದುರ್ಯೋಧನ ಕೊಟ್ಟದ್ದು, ಅದರ ಋಣ ತೀರಿಸಲಿಕ್ಕೆ ಜೀವವೇ ಹೋಯಿತು. ಜಾಮೀನು ಅಂದರೆ ಅದು. ಶೆಟ್ಟರಿಗೂ ಮಹಾಭಾರತದ ಮೇಲೆ ಪ್ರೀತಿ. 2017ರಲ್ಲಿ ಸಾವಿರ ಕೋಟಿ ರೂಪಾಯಿಯ ಮಹಾಭಾರತ ಸಿನಿಮಾ ಘೋಷಣೆಯಾಗಿ ದೇಶವೆಲ್ಲ ಸುದ್ದಿಯಾಯಿತು. ಸಿನಿಮಾ ಬರಲಿಲ್ಲ. ನಮ್ಮ ಮೇಳದವರು ಒಂದು ಚೌಕಿ, ಎರಡು ಚೆಂಡೆ ಇಟ್ಟುಕೊಂಡು ಕುರುಕ್ಷೇತ್ರವನ್ನು ಬೆಳಗಾಗುವುದರೊಳಗೆ ಮುಗಿಸುತ್ತಾರೆ, ಮರುದಿನ ಇನ್ನೊಂದು ಊರಲ್ಲಿ ಮತ್ತೆ ಶುರು ಮಾಡುತ್ತಾರೆ.

2020ರ ಡಿಸೆಂಬರ್‌ನಲ್ಲಿ ಯುಎಇ ಎಕ್ಸ್‌ಚೇಂಜ್ ಒಳಗೊಂಡಿದ್ದ ಶೆಟ್ಟರ ಫಿನಾಬ್ಲರ್ ಕಂಪನಿ ಒಂದು ಡಾಲರಿಗೆ ಮಾರಾಟವಾಯಿತು. ನಕ್ಕವರು ಬಹಳ. ಅಂಥ ಮಾರಾಟದಲ್ಲಿ ಕೊಳ್ಳುವವನ ತಲೆಗೆ ಕಂಪನಿಯ ಸಾಲವೂ ಬರುತ್ತದೆ, ಡಾಲರು ಕಾಗದಕ್ಕೆ ಬೇಕೆಂದು ಬರೆಯುವುದು. ಆದರೂ ಅಬುಧಾಬಿಗೆ ಇಳಿದಾಗ ಜೇಬಿನಲ್ಲಿ ಎಂಟು ಡಾಲರ್ ಇತ್ತು ಎಂದು ಪತ್ರಿಕೆಗಳೆಲ್ಲ ಬರೆದ ಕಥೆ ಇದೆಯಲ್ಲ, ಆ ಲೆಕ್ಕದಲ್ಲಿ ನಿವ್ವಳ ನಷ್ಟ ಏಳು ಡಾಲರ್. ಒಂದು ಡಾಲರಿಗೆ ಆಗ ಎಪ್ಪತ್ತನಾಲ್ಕು ರೂಪಾಯಿ ಹತ್ತಿರ. ಒಂದು ಪ್ಲೇಟು ಗೋಳಿಬಜೆ, ಒಂದು ಕಾಫಿ, ಸ್ವಲ್ಪ ಚಿಲ್ಲರೆ.

ಇಲ್ಲಿಯವರೆಗೆ ತಮಾಷೆ ಮಾಡಬಹುದು. ಉಡುಪಿ ಪೇಟೆಯ ನಡುವೆ ಶೆಟ್ಟರು ಕಟ್ಟಿಸಿದ ಹೆರಿಗೆ ಆಸ್ಪತ್ರೆಯ ವಿಷಯದಲ್ಲಿ ಆಗುವುದಿಲ್ಲ.

ಆ ಜಾಗ ಕೊಟ್ಟವರು ಹಾಜಿ ಅಬ್ದುಲ್ಲಾ ಸಾಹೇಬರು. 1906ರ ಮಾರ್ಚ್ 12ರಂದು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಬ್ಯಾಂಕು ಶುರು ಮಾಡಿದವರು. ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬರೆದಿಟ್ಟರು, ಆದ್ದರಿಂದಲೇ ಇವತ್ತು ನಮಗೆ ಗೊತ್ತು. ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನ ಹೊಟ್ಟೆಗೆ ಹೋಯಿತು.

ಬಡವರ ಹೆರಿಗೆಗೆಂದು ಅವರು ಬಿಟ್ಟುಹೋದ ಜಾಗವನ್ನು ಸರ್ಕಾರ ಒಂದು ಒಪ್ಪಂದ ಮಾಡಿಕೊಂಡು ಶೆಟ್ಟರ ಸಂಸ್ಥೆಗೆ ವಹಿಸಿತು. ಇನ್ನೂರು ಹಾಸಿಗೆಯ ತಾಯಿ–ಮಕ್ಕಳ ಆಸ್ಪತ್ರೆಯನ್ನು ಅವರು ಕಟ್ಟಿ ಉಚಿತವಾಗಿ ನಡೆಸುವುದು, ಬದಲಿಗೆ ಅಲ್ಲೇ ನಾನೂರು ಹಾಸಿಗೆಯ ಖಾಸಗಿ ಆಸ್ಪತ್ರೆ ಕಟ್ಟಿಕೊಳ್ಳುವುದು. ಬೇಡವೆಂದು ಕೂಗಿದವರಿದ್ದರು. ಅವರನ್ನು ಅಭಿವೃದ್ಧಿ ವಿರೋಧಿಗಳು ಎಂದದ್ದಾಯಿತು. 2017ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಂದು ಉದ್ಘಾಟಿಸಿದರು. ಬೋರ್ಡಿನಲ್ಲಿ ಮೊದಲು ಶೆಟ್ಟರ ತಂದೆ–ತಾಯಿಯ ಹೆಸರು, ಹಾಜಿ ಅಬ್ದುಲ್ಲಾರ ಹೆಸರು ಆಮೇಲೆ. ಕಟ್ಟಡ ಚೆನ್ನಾಗಿಯೇ ಇತ್ತು, ಹೆರಿಗೆಗಳೂ ಚೆನ್ನಾಗಿಯೇ ಆದವು. ಅಬುಧಾಬಿಯಲ್ಲಿ ಕಂಪನಿ ಬಿದ್ದದ್ದೇ ತಡ, ಇಲ್ಲಿ ಸಂಬಳ ನಿಂತಿತು. ಆಸ್ಪತ್ರೆಯ ಸಿಬ್ಬಂದಿ ಬಾಕಿ ಸಂಬಳ ಕೊಡಿ ಎಂದು ಪ್ರತಿಭಟನೆಗೆ ಕೂತರು. ನಾನೂರು ಹಾಸಿಗೆಯದ್ದು ಮುಗಿಯಲೇ ಇಲ್ಲ. ಕೊನೆಗೆ ಸರ್ಕಾರವೇ ಆಸ್ಪತ್ರೆಯನ್ನು ವಾಪಸು ತೆಗೆದುಕೊಂಡಿತು.

ಯಾರಾದರೂ ದುಡ್ಡಿದ್ದವರು ಆಸೆಪಟ್ಟು ಏನಾದರೂ ಕಟ್ಟಿಸಲಿ, ಬೇಡ ಎನ್ನುವುದಿಲ್ಲ. ಆದರೆ ಬಸುರಿಯೊಬ್ಬಳ ಹಾಸಿಗೆ ಲಂಡನ್ನಿನ ಷೇರಿನ ಬೆಲೆಗೆ ಯಾಕೆ ಕಟ್ಟಿಹಾಕಿರಬೇಕು? ಹೆರಿಗೆ ಆಸ್ಪತ್ರೆ ನಡೆಸುವುದು ಸರ್ಕಾರದ ಕೆಲಸ. ಅದಕ್ಕೆ ತೆರಿಗೆ ಕೊಡುತ್ತೇವೆ. ಸಿಸೇರಿಯನ್ ಥಿಯೇಟರಿನಲ್ಲಿ ರಾತ್ರಿ ಎರಡು ಗಂಟೆಗೆ ಕತ್ತರಿ ತೆಗೆದು ಕೊಡುವ ಹುಡುಗಿಗೆ ಸಂಬಳ ಕೊಡಲು ಒಬ್ಬ ಕಲಿಯುಗ ಕರ್ಣ ಬೇಕೆಂದರೆ ವಿಧಾನಸೌಧ ಯಾತಕ್ಕೆ? ಜಾಗ ಸಾರ್ವಜನಿಕರದ್ದು, ನಂಬಿಕೆ ಸಾರ್ವಜನಿಕರದ್ದು, ಒಪ್ಪಂದಕ್ಕೆ ಸಹಿ ಹಾಕುವಾಗ ‘ನಿಮ್ಮಲ್ಲಿ ದುಡ್ಡು ಮುಗಿದರೆ ಏನು ಮಾಡುವುದು’ ಎಂದು ಸೊಸೈಟಿಯ ಗುಮಾಸ್ತ ಕೇಳುವಷ್ಟಾದರೂ ಕೇಳಬೇಕಿತ್ತು. ಇಬ್ಬರು ಜಾಮೀನುದಾರರನ್ನು ಕೇಳಬೇಕಿತ್ತು. ಕೇಳಲಿಲ್ಲ, ಪೇಟ ಸರಿಮಾಡುವುದರಲ್ಲಿದ್ದೆವು.

ಸುಸ್ತಾಗುತ್ತದೆ ಮಾರಾಯ್ರೆ.

ಇನ್ನೇನು ಬ್ರಹ್ಮಕಲಶಗಳ ಕಾಲ. ಸಮಿತಿಯವರಿಗೆ ಒಂದು ಸಣ್ಣ ಸೂಚನೆ: ಹಳೆಯ ಫ್ಲೆಕ್ಸಿನ ಫೈಲು ಅಂಗಡಿಯ ಕಂಪ್ಯೂಟರಿನಲ್ಲೇ ಇರುತ್ತದೆ. ಮುಖ ಮಾತ್ರ ಬದಲಿಸಿ ಎಂದರೆ ಡಿಸೈನ್ ಚಾರ್ಜು ಉಳಿಯುತ್ತದೆ. ಮೂರನೇ ಪ್ಯಾರಾ ಮಾತ್ರ ಒಮ್ಮೆ ನೋಡಿಕೊಳ್ಳಿ.