ಬಾನೆಟ್ ಮೇಲೆ ಥಿನ್ನರ್ ಸುರಿಯಬೇಡಿ, ದಯವಿಟ್ಟು

ಇವತ್ತು ಮಧ್ಯಾಹ್ನ ಬಿ.ಎಂ. ರಸ್ತೆಯಲ್ಲಿ ಒಂದು ವಾಟರ್ ಸರ್ವೀಸ್ ಹತ್ತಿರ ನೋಡಿದ್ದನ್ನು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಕಪ್ಪು ಬಣ್ಣದ ಹೊಸ ಕಾರು. ಮದುವೆಗೆ ಅಲಂಕಾರ ಮಾಡಿಸಿದ್ದಾರೆ. ಬಾನೆಟ್ ತುಂಬಾ ಬ್ರೌನ್ ಟೇಪಿನ ಅಂಟು, ಅದಕ್ಕೆ ಮೆತ್ತಿಕೊಂಡ ಸೇವಂತಿಗೆ ಎಸಳು, ಮೇಲೆ ಧೂಳು. ಅಲ್ಲಿನ ಹುಡುಗ ಬಾಟಲಿಯಿಂದ ಪೇಂಟ್ ತೆಳು ಮಾಡುವ ಥಿನ್ನರ್ ಸುರಿದು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬರ್‌ನಲ್ಲಿ ತಿಕ್ಕುತ್ತಿದ್ದಾನೆ. "ಬೇಡಪ್ಪಾ, ನಿಲ್ಲಿಸು" ಅಂದೆ. "ಎಲ್ಲಾ ಕಾರಿಗೂ ಇದೇ ಹಾಕೋದು ಅಣ್ಣ, ಎರಡೇ ನಿಮಿಷ" ಅಂದ. ಕಾರಿನವರೂ ಅವನ ಪರವೇ.

ಅಂಟು ಹೋಯಿತು. ಅಷ್ಟು ಜಾಗದಲ್ಲಿ ಹೊಳಪೂ ಹೋಯಿತು. ಬಿಸಿಲಿಗೆ ಓರೆಯಾಗಿ ನೋಡಿದರೆ ಬಾನೆಟ್ ಮೇಲೆಲ್ಲಾ ಸುತ್ತು ಸುತ್ತಾಗಿ ಗೀರು.

ನಾನು ಕಾರಿಗೆ ಪೇಂಟ್ ಹೊಡೆಯುವ ಶೆಡ್‌ನವನು. ಆ ಬಾನೆಟ್ ಕೊನೆಗೆ ನನ್ನಂಥವರ ಹತ್ತಿರವೇ ಬರುತ್ತದೆ, ನಮಗೆ ದುಡ್ಡೂ ಆಗುತ್ತದೆ. ಆದರೂ ಕಂಪನಿಯಲ್ಲಿ ಹೊಡೆದ ಬಣ್ಣವನ್ನು ಸುಮ್ನೆ ಕೆರೆದು ತೆಗೆಯುವಾಗ ನನಗೆ ಸಂಕಟ ಆಗುತ್ತದೆ. ಅಂಥ ಬಣ್ಣವನ್ನು ನಾನು ಶೆಡ್‌ನಲ್ಲಿ ಎಷ್ಟೇ ಚೆನ್ನಾಗಿ ಹೊಡೆದರೂ ವಾಪಸ್ ತರಲಾರೆ. ಅಲ್ಲಿ ಬಾಡಿಯನ್ನೇ ಓವನ್‌ಗೆ ಕಳಿಸಿ ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ನಾವು ಹಾಗೆ ಮಾಡಿದರೆ ವೈರು, ಪ್ಲಾಸ್ಟಿಕ್ ಎಲ್ಲಾ ಕರಗುತ್ತದೆ.

ಆ ಬಣ್ಣ ಎಷ್ಟು ತೆಳು ಅಂತ ಯಾರೂ ಯೋಚನೆ ಮಾಡುವುದಿಲ್ಲ. ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲಾ ಸೇರಿದರೂ ಹೆಚ್ಚಾಗಿ 100ರಿಂದ 150 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಹೊಳಪು ಕೊಡುವ, ಬಿಸಿಲು ತಡೆಯುವ ಕ್ಲಿಯರ್ ಕೋಟ್ ಅದರಲ್ಲಿ 40-50 ಮೈಕ್ರಾನ್ ಮಾತ್ರ. ತಲೆಕೂದಲಿಗಿಂತ ತೆಳು! ಅದರ ಮೇಲೆ ಸ್ಕ್ರಬರ್ ಆಡಿಸುತ್ತಾರೆ. ಕೆಲವರು ಬ್ಲೇಡ್ ಹಿಡಿಯುತ್ತಾರೆ.

"ನಮ್ಮ ಕಾರಿಗೆ ಥಿನ್ನರ್ ಹಾಕಿದ್ದೆವು, ಏನೂ ಆಗಲಿಲ್ಲ" ಅನ್ನುವವರು ಇದ್ದಾರೆ. ಆಗದೆ ಇರಬಹುದು. ಬೇಯಿಸಿದ ಬಣ್ಣ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಆದರೆ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಯಾವ ಡೋರು, ಯಾವ ಬಂಪರು ಮತ್ತೆ ಪೇಂಟ್ ಆಗಿದೆ ಅಂತ ಓನರ್‌ಗೇ ಗೊತ್ತಿರುವುದಿಲ್ಲ. ಹಳೇ ಎನ್‌ಸಿ ಪೇಂಟ್ (ನೈಟ್ರೊಸೆಲ್ಯುಲೋಸ್, ಬೇಯಿಸದೆ ಗಾಳಿಗೇ ಒಣಗುವ ಬಗೆ) ಆಗಿದ್ದರೆ ಥಿನ್ನರ್ ಬಿದ್ದ ಕೂಡಲೇ ಬಣ್ಣ ಬಟ್ಟೆಗೆ ಬರುತ್ತದೆ. ಆ ಪೇಂಟನ್ನು ಕರಗಿಸಿ ತೆಳು ಮಾಡುವುದೇ ಥಿನ್ನರ್ ಕೆಲಸ ಅಲ್ವಾ? ಉಗುರು ಬಣ್ಣ ತೆಗೆಯುವ ಅಸಿಟೋನ್ ಕೂಡ ಹಾಗೇ. ಇನ್ನು ಪೆಟ್ರೋಲ್ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಬೆಂಕಿಯ ಭಯವಾದರೂ ಇರಲಿ.

ಮನೆಯಲ್ಲೇ ಆಗುವ ಕೆಲಸ ಇದು. ಮೊದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಚೆನ್ನಾಗಿ ತೊಳೆಯಿರಿ. ಮಣ್ಣಿನ ಕಣ ಉಳಿದರೆ ಎಷ್ಟು ಮೆತ್ತನೆ ಬಟ್ಟೆಯೂ ಗೀರು ಹಾಕುತ್ತದೆ. ಟೇಪ್ ಅಥವಾ ಸ್ಟಿಕ್ಕರ್ ಇನ್ನೂ ಇದ್ದರೆ ಹೇರ್ ಡ್ರೈಯರ್ ಹಿಡಿಯಿರಿ. ಕೈ ಇಟ್ಟರೆ ತಡೆಯುವಷ್ಟು ಬಿಸಿ ಸಾಕು. ಮೂಲೆ ಎಬ್ಬಿಸಿ, ಮೇಲಕ್ಕೆ ಎಳೆಯದೆ, ಬಾನೆಟ್‌ಗೆ ಒರಗಿಸಿದ ಹಾಗೆ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಅಂಟು ಬಹಳಷ್ಟು ಟೇಪಿನ ಜೊತೆಗೇ ಬರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಸ್ಟಿಕ್ಕರ್ ಪುಡಿ ಪುಡಿಯಾಗಿ ಬರುತ್ತದೆ. ಆಗ ಮತ್ತೆ ಬಿಸಿ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ.

ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ. ಹೌದು, ತಲೆಗೆ ಹಚ್ಚುವುದೇ. ಹತ್ತಿಯಲ್ಲಿ ಅದ್ದಿ ಅಂಟಿನ ಮೇಲೆ ಇಟ್ಟು ಕಾಲು ಗಂಟೆ ಬಿಡಿ. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಮೊದಲು ಕರಗಿಸಿಕೊಳ್ಳಿ. ಎಣ್ಣೆ ಒಳಗೆ ಇಳಿದರೆ ಅಂಟು ಮೆತ್ತಗಾಗಿ ಹಿಡಿತ ಬಿಡುತ್ತದೆ. ಹೆಬ್ಬೆರಳಿನಲ್ಲಿ ಉಜ್ಜಿದರೆ ಉರುಳೆ ಉರುಳೆಯಾಗಿ ಬರುತ್ತದೆ. ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಇದ್ದರೆ ಅದೂ ಆಗುತ್ತದೆ. ಅದಕ್ಕೂ ಜಗ್ಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ (ಒಂದು ಬಗೆಯ ಸ್ಪಿರಿಟ್) ತಂದು, ಬಟ್ಟೆಗೆ ಸ್ವಲ್ಪ ಹಾಕಿ, ಯಾರಿಗೂ ಕಾಣದ ಮೂಲೆಯಲ್ಲಿ ಮೊದಲು ಒರೆಸಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಕೊನೆಗೆ ಕಾರ್ ಶಾಂಪೂ ಹಾಕಿ ಜಿಡ್ಡು ತೊಳೆದು, ಆ ಜಾಗಕ್ಕೆ ವ್ಯಾಕ್ಸ್ ಹಚ್ಚಿ. ಹಳೇ ಸ್ಟಿಕ್ಕರ್ ಇದ್ದ ಆಕಾರ ಇನ್ನೂ ಕಂಡರೆ ಮತ್ತೆ ಉಜ್ಜಬೇಡಿ. ಅದು ಅಂಟಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಸ್ಟಿಕ್ಕರ್ ಕೆಳಗಿನದು ಮಾಸಿರುವುದಿಲ್ಲ, ಅಷ್ಟೇ.

ಒಟ್ಟು ಒಂದು ಗಂಟೆ ಆಗಬಹುದು. ಮದುವೆಗೆ ಅಷ್ಟು ಖರ್ಚು ಮಾಡಿದವರಿಗೆ ಒಂದು ಗಂಟೆ ಜಾಸ್ತಿಯಾ? ಥಿನ್ನರ್‌ನ ಎರಡು ನಿಮಿಷಕ್ಕೆ ಆಮೇಲೆ ಬಾನೆಟ್ಟೇ ಪೇಂಟ್ ಮಾಡಿಸಬೇಕು.

ಹೂವಿನ ಅಲಂಕಾರದವರಿಗೂ ಒಂದು ಮಾತು. ಪ್ಯಾಕಿಂಗ್ ಡಬ್ಬಕ್ಕೆ ಹಾಕುವ ಟೇಪನ್ನು ಬಾನೆಟ್‌ಗೆ ಹಾಕಬೇಡಿ ಸ್ವಾಮಿ. ರಿಬ್ಬನ್ನನ್ನು ಬಾನೆಟ್ ಸಂದಿಯಲ್ಲಿ ಒಳಗೆ ಕಟ್ಟಬಹುದು. ಅಂಟಿಸಲೇಬೇಕಾದರೆ ನಾವು ಪೇಂಟಿಂಗ್‌ಗೆ ಬಳಸುವ ಮಾಸ್ಕಿಂಗ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೂ ಬಿಸಿಲಿಗೆ ಬಿಡದೆ ಅವತ್ತೇ ತೆಗೆದುಬಿಡಿ.