ಸೇದಬೇಡ ಅಂದರೆ ಸರಿ, ಎಲ್ಲಿ ಸೇದಲಿ ಅಂದರೆ?

ರಜೆಗೆ ಬೆಂಗಳೂರಿಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ನಿಮ್ಮ ಟೋಕಿಯೊದಲ್ಲಿ ರಸ್ತೇಲಿ ಸಿಗರೇಟ್ ಸೇದೋ ಹಾಗಿಲ್ವಂತೆ. ನಮ್ಮಲ್ಲೂ ಬ್ಯಾನ್ ಮಾಡಬೇಕು, ಅಲ್ವಾ?" ಮಾಡಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮಲ್ಲಿ ಸಾರ್ವಜನಿಕ ಜಾಗಗಳಲ್ಲಿ ಬ್ಯಾನ್ ಆಗಿ ಬಹಳ ವರ್ಷ ಆಯಿತು. ಕೇಂದ್ರದ ತಂಬಾಕು ಕಾನೂನು 2003ರದ್ದು, ಕೋಟ್ಪಾ ಅಂತಾರೆ. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವ ನಿಯಮಗಳು 2008ರ ಗಾಂಧಿ ಜಯಂತಿ ದಿನದಿಂದ ಜಾರಿಯಲ್ಲಿವೆ. ದಂಡ 200 ರೂಪಾಯಿವರೆಗೆ ಇತ್ತು. ಕರ್ನಾಟಕ 2024ರಲ್ಲಿ ತನ್ನದೇ ತಿದ್ದುಪಡಿ ತಂದಿತು, ಅದು 2025ರಲ್ಲಿ ಜಾರಿಗೆ ಬಂತು. ಈಗ ದಂಡ 1000 ರೂಪಾಯಿವರೆಗೆ. 21 ವರ್ಷ ಆಗದವರಿಗೆ ಮಾರುವಂತಿಲ್ಲ, ಪ್ಯಾಕ್ ಒಡೆದು ಬಿಡಿ ಸಿಗರೇಟ್ ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸಿದರೆ ಜೈಲು.

ಕಾಗದದ ಮೇಲೆ ನೋಡಿದರೆ ಟೋಕಿಯೊ ನಮಗಿಂತ ತುಂಬಾ ಹಿಂದೆ ಇತ್ತು. ಇದನ್ನು ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿ ಇಜಾಕಾಯಾ ಅಂತ ಸಣ್ಣ ಸಣ್ಣ ಅಂಗಡಿಗಳಿವೆ, ಕುಡಿಯಲು, ತಿನ್ನಲು. 2020ರ ಏಪ್ರಿಲ್‌ವರೆಗೆ ಅವುಗಳೊಳಗೆ ಪಕ್ಕದ ಮೇಜಿನವನು ನಮ್ಮ ಊಟದ ಮೇಲೆ ಹೊಗೆ ಬಿಟ್ಟರೆ ಏನೂ ಅನ್ನುವಂತಿರಲಿಲ್ಲ. ಅಲ್ಲಿಂದ ಮನೆಗೆ ಬಂದರೆ ಕೋಟನ್ನು ಬಾಲ್ಕನಿಯಲ್ಲಿ ನೇತುಹಾಕಿಯೇ ಒಳಗೆ ಹೋಗಬೇಕಿತ್ತು. ಮಜಾ ಏನೆಂದರೆ, ಒಳಗೆ ಅಷ್ಟು ಸೇದಿದ ಅದೇ ಮನುಷ್ಯ ಹೊರಗೆ ಬಂದ ಮೇಲೆ ರಸ್ತೆಯಲ್ಲಿ ಹಚ್ಚುತ್ತಿರಲಿಲ್ಲ. ಟೋಕಿಯೊದ ಚಿಯೋದಾ ವಾರ್ಡ್ 2002ರಲ್ಲೇ ಬೀದಿಯಲ್ಲಿ ಸೇದುವುದಕ್ಕೆ ದಂಡ ಹಾಕಲು ಶುರು ಮಾಡಿತು. ಟೋಕಿಯೊ ಸ್ಟೇಷನ್, ಅಕಿಹಾಬಾರಾ ಎಲ್ಲ ಬರುವ ವಾರ್ಡ್ ಅದು. ಸಿಕ್ಕಿಬಿದ್ದರೆ 2000 ಯೆನ್. ಆದರೆ ಆ ನಿಯಮದ ಹಿಂದೆ ಇದ್ದದ್ದು ಪಕ್ಕದವರ ಶ್ವಾಸಕೋಶದ ಚಿಂತೆಗಿಂತ ಜಾಸ್ತಿ ಗುಂಪಿನಲ್ಲಿ ಬೆಂಕಿ ತಗಲುವ ಭಯ, ಬೀದಿ ತುಂಬ ಬೀಳುವ ತುಂಡುಗಳ ಕಿರಿಕಿರಿ. ನಡೆಯುತ್ತಾ ಸೇದುವವನು ಕೈ ಇಳಿಬಿಟ್ಟರೆ ಕೆಂಡ ಇರುವುದು ಮಗುವಿನ ಮುಖದ ಎತ್ತರಕ್ಕೆ.

ನಮ್ಮಲ್ಲಿ ಇದು ಪೂರ್ತಿ ತಿರುಗುಮುರುಗು. ದರ್ಶಿನಿಯಲ್ಲಿ ಯಾರಾದರೂ ಸಿಗರೇಟ್ ಹಚ್ಚಿದ್ದನ್ನು ಈಚೆಗೆ ನೋಡಿದ್ದೀರಾ? ನಾನಂತೂ ನೋಡಿಲ್ಲ. ಬಸ್ಸಿನೊಳಗೂ ಇಲ್ಲ. ನನ್ನ ಬಾಲ್ಯದಲ್ಲಿ ಊರಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಿಂದ ಬೀಡಿ ಹೊಗೆ ಬರುವುದು ಮಾಮೂಲಿ ಆಗಿತ್ತು. ಎಷ್ಟೋ ಹೋಟೆಲ್‌ಗಳಲ್ಲಿ ಕಾಫಿ ಲೋಟದ ಪಕ್ಕ ಆಶ್‌ಟ್ರೇ ಇರುತ್ತಿತ್ತು. ಅದೆಲ್ಲ ಹೋಯಿತು. ಹಾಗಾಗಿ "ನಮ್ಮ ಜನ ಬದಲಾಗಲ್ಲ ಬಿಡ್ರಿ" ಅನ್ನುವ ಮಾತು ನನಗೆ ಸೇರುವುದಿಲ್ಲ. ಬದಲಾಗಿದ್ದಾರೆ. ಎಲ್ಲಿ ಬದಲಾದರು ಅಂತ ನೋಡಬೇಕು. ಬಸ್ಸಿಗೆ ಕಂಡಕ್ಟರ್ ಇದ್ದಾರೆ, ಹೋಟೆಲಿಗೆ ಗಲ್ಲಾದ ಮೇಲೆ ಯಜಮಾನರಿದ್ದಾರೆ. "ಇಲ್ಲಿ ಬೇಡಪ್ಪ, ಹೊರಗೆ ಹೋಗು" ಅನ್ನಲು ಒಬ್ಬರಿದ್ದರು, ಹೋಗಲು ಒಂದು 'ಹೊರಗೆ' ಇತ್ತು. ಇವೆರಡೂ ಇದ್ದ ಕಡೆ ಕಾನೂನು ತಾನಾಗಿಯೇ ಕೂತುಕೊಂಡಿತು.

ಈಗಿನ ಗೋಳೆಲ್ಲ ಆ ಹೊರಗಿನದು. ಅದಕ್ಕೆ ಯಜಮಾನ ಇಲ್ಲ. ಕಾನೂನಿನ ಪ್ರಕಾರ ಬಯಲು ಜಾಗ ಸಾರ್ವಜನಿಕ ಸ್ಥಳದ ಲೆಕ್ಕಕ್ಕೇ ಬರುವುದಿಲ್ಲ. ಬಸ್ ಸ್ಟಾಪ್, ರೈಲ್ವೆ ಸ್ಟೇಷನ್, ಸ್ಟೇಡಿಯಂ ಇಂಥವನ್ನು 2008ರ ನಿಯಮಗಳು ಹೆಸರು ಹಿಡಿದು ಸೇರಿಸಿವೆ. ಆದರೆ ಬಸ್ ಸ್ಟಾಪಿನಿಂದ ನಾಲ್ಕು ಹೆಜ್ಜೆ ಆಚೆಗಿನ ಫುಟ್‌ಪಾತ್ ಬಯಲು. ಹೊಗೆಗೆ ಈ ಗೆರೆ ಹೇಗೆ ಗೊತ್ತಾಗಬೇಕು?

ಹೊರವರ್ತುಲ ರಸ್ತೆಯ ಯಾವುದಾದರೂ ಟೆಕ್ ಪಾರ್ಕ್ ಎದುರು ಸಂಜೆ ನಾಲ್ಕೂವರೆಗೆ ನಿಂತು ನೋಡಿ. ಬೇಕರಿ ಕಮ್ ಕಾಂಡಿಮೆಂಟ್ಸ್ ಅಂಗಡಿ. ಗಾಜಿನ ಹಿಂದೆ ದಿಲ್‌ಪಸಂದ್, ಎಗ್ ಪಫ್, ಪಕ್ಕದಲ್ಲಿ ಟೀ ಕುದಿಯುವ ಪಾತ್ರೆ. ಮುಂದಿನ ಕಂಬಕ್ಕೆ ದಾರ ಕಟ್ಟಿ ಒಂದು ಲೈಟರ್ ನೇತುಹಾಕಿರುತ್ತಾರೆ. ದಾರಕ್ಕೆ ಕೈಕೊಳೆ ಹತ್ತಿ ಕಪ್ಪಾಗಿರುತ್ತದೆ. "ಒಂದ್ ಟೀ, ಒಂದ್ ಕಿಂಗ್ಸ್" ಅಂದರೆ ಸಾಕು, ಹುಡುಗ ಸಿಗರೇಟ್ ಪ್ಯಾಕಿನಿಂದ ಒಂದು ತೆಗೆದು ಕೊಡುತ್ತಾನೆ. ಬಿಡಿ ಸಿಗರೇಟ್ ಮಾರುವಂತಿಲ್ಲ ಅಂದೆನಲ್ಲ, ಅದನ್ನೇ ಮಾರುತ್ತಾನೆ. ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡ ಹತ್ತಿಪ್ಪತ್ತು ಜನ ಅಂಗಡಿ ಮುಂದೆ ಅರ್ಧಚಂದ್ರಾಕಾರದಲ್ಲಿ ನಿಂತಿರುತ್ತಾರೆ. ಮಗುವಿಗೆ ಬನ್ ಕೊಳ್ಳಲು ಬಂದ ಹೆಂಗಸು ಸೆರಗು ಮೂಗಿಗೆ ಹಿಡಿದು ಆ ಹೊಗೆ ದಾಟಿ ಕೌಂಟರಿಗೆ ಹೋಗಬೇಕು. ಆಕೆ ಎರಡು ನಿಮಿಷಕ್ಕೆ ಹೊರಟುಹೋಗುತ್ತಾಳೆ. ಟೀ ಕೊಡುವ ಹುಡುಗ ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಇರುತ್ತಾನೆ.

ಆ ಲೈಟರ್ ಬಗ್ಗೆ ಒಂದು ಮಾತು. ಸೇದಬಾರದ ಜಾಗದಲ್ಲಿ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡಕೂಡದು ಅಂತ ನಿಯಮದಲ್ಲೇ ಇದೆ. ಅಲ್ಲಿ 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಅಳತೆಯ ಬೋರ್ಡ್ ಇರಬೇಕು, ಯಾರಿಗೆ ದೂರು ಕೊಡಬೇಕು ಅನ್ನುವುದನ್ನೂ ಹಾಕಬೇಕು. ಬೋರ್ಡ್ ಬೇಕಾದಷ್ಟು ಕಡೆ ಇದೆ. ಆ ಹೆಸರಿನ ಜಾಗ ಮಾತ್ರ ಖಾಲಿ, ಇಲ್ಲವೇ ಪೇಂಟ್ ಉದುರಿ ಅರ್ಧ ನಂಬರ್. ನನ್ನ ಪ್ರಕಾರ ಇಡೀ ಕಾನೂನಿನಲ್ಲಿ ಬೆಲೆಬಾಳುವ ಸಾಲು ಅದೇ. ಹೆಸರಿಲ್ಲದ ಬೋರ್ಡ್ ಗೋಡೆಗೆ ಅಲಂಕಾರ ಅಷ್ಟೇ.

ಟೋಕಿಯೊದಿಂದ ನಾವು ತರಬೇಕಾದದ್ದು ದಂಡ ಅಲ್ಲ. ದಂಡ ನಮ್ಮಲ್ಲೇ ಸಾಕಷ್ಟಿದೆ. ಅಲ್ಲಿ ಸ್ಟೇಷನ್ ಹತ್ತಿರ ಸೇದುವುದಕ್ಕೆಂದೇ ಜಾಗ ಇರುತ್ತದೆ. ಕೆಲವು ಕಡೆ ಗಾಜಿನ ಕೋಣೆ, ಕೆಲವು ಕಡೆ ಆಳೆತ್ತರದ ಮರೆ. ಚಿಯೋದಾದಲ್ಲಿ ಖಾಸಗಿಯವರು ಇಂಥ ಕೋಣೆ ಮಾಡಿದರೆ ವಾರ್ಡ್ ಆಡಳಿತ ಸಹಾಯಧನ ಕೊಡುತ್ತದೆ. ರಸ್ತೆಯಲ್ಲಿ ಸೇದುವವನನ್ನು ಹಿಡಿಯುವ ಸಿಬ್ಬಂದಿ "ಇಲ್ಲಿ ಬೇಡ, ಅಲ್ಲಿದೆ ನೋಡಿ" ಅನ್ನಬಹುದು. ನಮ್ಮ ಪೊಲೀಸಪ್ಪ ಏನನ್ನಬೇಕು? "ಇಲ್ಲಿ ಬೇಡ, ಎಲ್ಲಿಗಾದ್ರೂ ಹೋಗು" ಅಂತಷ್ಟೇ. ಎಲ್ಲಿಗಾದರೂ ಅಂದರೆ ಮುಂದಿನ ಅಂಗಡಿ.

ಆ ಕೋಣೆಗಳನ್ನು ಹೊಗಳುತ್ತಿಲ್ಲ. ಸಂಜೆ ಹೊತ್ತು ಪಕ್ಕದಲ್ಲಿ ಹಾದು ಹೋದರೆ ಬಾಗಿಲು ತೆರೆದಾಗಲೆಲ್ಲ ಭಕ್ ಅಂತ ಹೊರಗೆ ಬರುತ್ತದೆ. ಅವು ಕಮ್ಮಿಯೂ ಆಗುತ್ತಿವೆ. ಟೋಕಿಯೊ–ಒಸಾಕಾ ಬುಲೆಟ್ ಟ್ರೈನಿನೊಳಗಿದ್ದ ಸೇದುವ ಕೋಣೆಗಳನ್ನು 2024ರ ಮಾರ್ಚ್‌ನಲ್ಲಿ ಪೂರ್ತಿ ತೆಗೆದುಬಿಟ್ಟರು. ದೊಡ್ಡ ಗಲಾಟೆಯೇನೂ ಆಗಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಟೋಕಿಯೊದ 2020ರ ನಿಯಮ. ಇಡೀ ಜಪಾನಿಗೆ ಬಂದ ಕಾನೂನು ಸಣ್ಣ ಹಳೇ ಹೋಟೆಲ್‌ಗಳಿಗೆ ರಿಯಾಯಿತಿ ಕೊಟ್ಟಿತು, ಅಂಗಡಿಯ ಅಳತೆ ನೋಡಿ. ಟೋಕಿಯೊ ಕೇಳಿದ್ದು ಬೇರೆ ಪ್ರಶ್ನೆ: ಇಲ್ಲಿ ಕೂಲಿಗೆ ಕೆಲಸ ಮಾಡುವವರು ಇದ್ದಾರಾ? ಇದ್ದರೆ ಅಂಗಡಿ ಎಷ್ಟೇ ಚಿಕ್ಕದಿರಲಿ, ಗಿರಾಕಿಗಳು ಮೇಜಿನ ಮೇಲೆ ಸೇದುವಂತಿಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಯಾದರೆ ಅವರ ಇಷ್ಟ. ಗಿರಾಕಿ ಬೇಕಾದರೆ ಎದ್ದು ಹೋಗಬಹುದು, ಕೆಲಸದವನು ಹೋಗುವಂತಿಲ್ಲ ಅನ್ನುವ ಸಾದಾ ತಿಳಿವಳಿಕೆ. ನಮ್ಮ ನಿಯಮ ಲೆಕ್ಕ ಹಾಕುವುದು ಕುರ್ಚಿಗಳನ್ನು. 30 ಕುರ್ಚಿ ಇದ್ದರೆ ಸೇದುವ ಪ್ರತ್ಯೇಕ ಕೋಣೆ ಮಾಡಬಹುದು. ಆ ಕೋಣೆಯೊಳಗೆ ಸರ್ವಿಸ್ ಕೂಡದು ಅಂತ 2017ರಲ್ಲಿ ಸೇರಿಸಿದರು, ಒಳ್ಳೆಯದಾಯಿತು. ಆದರೆ ಫುಟ್‌ಪಾತಿಗೆ ಮುಖ ಮಾಡಿ ನಿಂತ ಟೀ ಅಂಗಡಿ ಹುಡುಗನಿಗೆ ಇದರಿಂದ ಏನೂ ಸಿಗಲಿಲ್ಲ.

ಅಂದಹಾಗೆ, ಬೇಕರಿ ಮುಂದೆ ಹುಡುಗಿಯೊಬ್ಬಳು ಸೇದುತ್ತಿದ್ದರೆ ದುರುಗುಟ್ಟಿ ನೋಡಿ "ಏನ್ ಕಾಲ ಬಂತಪ್ಪ" ಅನ್ನುವವರಿದ್ದಾರೆ. ಅವಳ ಪಕ್ಕದಲ್ಲಿ ಸೇದುವ ಎಂಟು ಗಂಡಸರು ಅವರ ಕಣ್ಣಿಗೆ ಬೀಳುವುದಿಲ್ಲ. ಹೀಗೆ ದುರುಗುಟ್ಟುವವರನ್ನು ಈ ಚರ್ಚೆಗೆ ಸೇರಿಸಿಕೊಳ್ಳಬೇಡಿ. ಅವರ ಸಮಸ್ಯೆ ಹೊಗೆಯದ್ದಲ್ಲ.

ಸರ್ಕಾರದ ಎರಡು ನಾಲಿಗೆಯ ಬಗ್ಗೆಯೂ ಜನ ಹೇಳುತ್ತಾರೆ, ಸುಳ್ಳಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ರೈತರು ಹೊಗೆಸೊಪ್ಪು ಬೆಳೆದು ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುತ್ತಾರೆ. ಕರಾವಳಿಯಲ್ಲಿ ಎಷ್ಟೋ ಮನೆಗಳ ಅಡುಗೆ ಒಲೆ ಉರಿದದ್ದು ಬೀಡಿ ಕಟ್ಟಿದ ದುಡ್ಡಿನಿಂದ. ಜಪಾನಿನಲ್ಲೂ ಅಷ್ಟೇ, ಅಲ್ಲಿನ ದೊಡ್ಡ ಸಿಗರೇಟ್ ಕಂಪನಿಯ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಸರ್ಕಾರದ್ದೇ. ಹಾಗಂತ ಬಸ್ ಸ್ಟಾಪಿನಲ್ಲಿ ನಿಂತ ಬಸುರಿ ಹೆಂಗಸು ಹೊಗೆ ಕುಡಿಯಬೇಕಾ? ಬೆಳೆಗಾರರ ದಾರಿ ಬೇರೆ ಹುಡುಕಬೇಕು, ಅದು ಬೇರೆ ಮಾತು.

ನನ್ನ ಭಾವ ದಿನಾ ಸೇದುವವರು. ಅವರ ಪ್ರಶ್ನೆ ಉಲ್ಟಾ. "ಜಾಗ ಮಾಡಿಕೊಟ್ರೆ ಸೇದೋರು ಜಾಸ್ತಿ ಆಗಲ್ವೇನೋ?" ಜಪಾನಿನಲ್ಲಿ ಹಾಗಾಗಲಿಲ್ಲ ಅಂತ ಹೇಳಿದೆ. 1960ರ ದಶಕದಲ್ಲಿ ಅಲ್ಲಿ ನೂರು ಗಂಡಸರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸೇದುತ್ತಿದ್ದರು, ಈಗ ಮೂವತ್ತಕ್ಕಿಂತ ಕಡಿಮೆ. ಬೆಲೆ, ಆಫೀಸಿನ ನಿಯಮ, ಮನೆಯವರ ಬೈಗುಳ ಎಲ್ಲ ಸೇರಿ ಆಗಿರುವುದು. ಎದ್ದು ಲಿಫ್ಟ್ ಹಿಡಿದು ದೂರದ ಕೋಣೆಗೆ ಹೋಗಬೇಕು ಅಂದಾಗ ಒಂದೆರಡು ತಾನಾಗಿ ತಪ್ಪುತ್ತವೆ. ಟೀ ಜೊತೆಗೇ ಕೈಗೆ ಸಿಕ್ಕರೆ ಯಾಕೆ ತಪ್ಪುತ್ತವೆ? ಭಾವ ನಕ್ಕರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಇಡೀ ಬೆಂಗಳೂರಿಗೆ ಒಂದೇ ಸಲ ಹೊಸ ಕಾನೂನು ಬೇಡ. ಎರಡು ಕಡೆ ಶುರು ಮಾಡಿದರೆ ಸಾಕು. ಒಂದು, ಬಸ್ ಸ್ಟಾಪ್, ಯಾಕೆಂದರೆ ಬಸ್ಸಿಗೆ ಕಾಯುವವರು ಜಾಗ ಬಿಟ್ಟು ಕದಲಲಾರರು. ಇನ್ನೊಂದು, ಟೀ ಅಂಗಡಿಗಳ ಮುಂಭಾಗ. ಟೆಕ್ ಪಾರ್ಕುಗಳು ತಮ್ಮ ಜನರನ್ನು ಗೇಟಿನಾಚೆ ತಳ್ಳಿ "ನಮ್ಮ ಕ್ಯಾಂಪಸ್ ಹೊಗೆಮುಕ್ತ" ಅಂತ ಬೋರ್ಡ್ ಹಾಕಿಕೊಳ್ಳುವ ಬದಲು ಒಳಗೇ ಮೂಲೆಯಲ್ಲಿ ಬಯಲು ಜಾಗ ಕೊಡಲಿ. ಅವರ ಹೊಗೆಯನ್ನು ಬೀದಿಯವರು ಯಾಕೆ ಕುಡಿಯಬೇಕು?

ಇದನ್ನೇ ಮನೆ ಹತ್ತಿರದ ಬೇಕರಿಯವರ ಹತ್ತಿರ ಮಾತಾಡಿದೆ. ಹಾಸನದ ಕಡೆಯವರು, ಸೇದುವ ಅಭ್ಯಾಸ ಇಲ್ಲ. ದಾರ ಕಟ್ಟಿದ ಲೈಟರ್ ತೆಗೆದುಬಿಡಿ ಅಂದೆ. "ತೆಗೀತೀನಿ ಸಾರ್, ನಂಗೇನು? ಆದ್ರೆ ನಾನೊಬ್ಬನೇ ತೆಗೆದ್ರೆ ನಾಳೆಯಿಂದ ಟೀ ಗಿರಾಕಿನೂ ಪಕ್ಕದ ಅಂಗಡಿಗೆ ಹೋಗ್ತಾರೆ. ಈ ರೋಡಲ್ಲಿರೋ ಅಷ್ಟೂ ಅಂಗಡಿಗೂ ಒಂದೇ ದಿನ ಬಂದು ಹೇಳ್ಲಿ," ಅಂದರು.