ಗಾಳಿಗೆ ಲೇಬಲ್ ಇಲ್ಲ

ಹೋದ ತಿಂಗಳು ತಂಗಿ ಮಗಳು ಮನೆಗೆ ಬಂದಿದ್ದಳು. ವಿಮಾನದಲ್ಲಿ ಕ್ಯಾಬಿನ್ ಕ್ರೂ ಅವಳು. ಚಿಕ್ಕಬಳ್ಳಾಪುರಕ್ಕೆ ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಅಲ್ವಾ, ಎರಡು ದಿನ ಆಫ್ ಸಿಕ್ಕರೂ ಬಂದುಬಿಡುತ್ತಾಳೆ. ಈ ಸಲ ಊಟವೂ ಬೇಡ ಅಂತ ಮಲಗಿದಳು. ಸಂಜೆ ನಾನು ದ್ರಾಕ್ಷಿಗೆ ಔಷಧಿ ಹೊಡೆದು ಬಂದು ತೊಟ್ಟಿ ಹತ್ತಿರ ಕೈ ತೊಳೆಯುತ್ತಿದ್ದೆ. ಬಂದು ಪಕ್ಕ ನಿಂತಳು.

"ಮಾವ, ಇದು ಹೊಡೆದ ದಿನ ನಿಂಗೆ ತಲೆ ಹೆಂಗಿರುತ್ತೆ?"

"ಭಾರ ಇರುತ್ತೆ ಕಣಮ್ಮ. ಯಾಕೆ?"

"ನಂಗೂ ಹಂಗೇ ಇದೆ."

ಹಿಂದಿನ ದಿನ ವಿಮಾನ ಮೇಲೇರುವಾಗ ಹಿಂಭಾಗದಲ್ಲಿ ವಾಸನೆ ಬಂತಂತೆ. ಒಗೆಯದ ಸಾಕ್ಸ್ ಮಳೆಯಲ್ಲಿ ನೆನೆದರೆ ಬರುತ್ತದಲ್ಲ, ಹಾಗೆ. ಸ್ವಲ್ಪ ಹೊತ್ತಿಗೆ ಹೋಯಿತು. ಇಳಿಯುವಾಗ ಮೈಕ್ ಹಿಡಿದರೆ, ಮೂರು ವರ್ಷದಿಂದ ದಿನಾ ಹೇಳುವ ಮಾತು ಅರ್ಧಕ್ಕೆ ಮರೆತುಹೋಯಿತು. ಸೀನಿಯರ್ ಟೀ ಕುಡಿ ಅಂದರು. ಡಾಕ್ಟರು ನಿದ್ದೆ ಕಡಿಮೆಯಾಗಿದೆ ಅಂತ ಗ್ಯಾಸ್ ಮಾತ್ರೆ ಬರೆದುಕೊಟ್ಟರು. ನಿದ್ದೆಗೂ ಗ್ಯಾಸ್ ಮಾತ್ರೆಗೂ ಏನು ಸಂಬಂಧವೋ, ದೇವರೇ ಬಲ್ಲ.

ಆವತ್ತಿಂದ ಈ ವಿಷಯ ಓದುತ್ತಿದ್ದೇನೆ. ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿ ತೀರಾ ತೆಳು, ಹಾಗೇ ಉಸಿರಾಡಲು ಆಗಲ್ಲ. ಅದಕ್ಕೆ ಇಂಜಿನ್ ಒಳಗೆ ಒತ್ತಿದ ಗಾಳಿಯಲ್ಲೇ ಒಂದು ಪಾಲನ್ನು, ಇಂಧನ ಸೇರುವ ಮೊದಲು, ಕ್ಯಾಬಿನ್‌ಗೆ ತಿರುಗಿಸುತ್ತಾರೆ. ಬ್ಲೀಡ್ ಏರ್ ಅಂತಾರೆ. ಅದೇ ಇಂಜಿನ್‌ನಲ್ಲಿ ಬೇರಿಂಗ್‌ಗಳಿಗೆ ಆಯಿಲ್ ಓಡುತ್ತಿರುತ್ತದೆ, ಸೀಲ್ ಸವೆದರೆ ಗಾಳಿಗೆ ಸೇರುತ್ತದೆ. ನಮ್ಮ ಪಂಪ್‌ಸೆಟ್ ಸೀಲ್ ಹೋದರೆ ಕೆಳಗೆ ಎಣ್ಣೆ ಕಲೆ ಕಾಣುತ್ತದೆ. ಅಲ್ಲಿ ಮೂಗಿಗಷ್ಟೇ ಗೊತ್ತಾಗೋದು.

ಹೆಪಾ ಫಿಲ್ಟರ್ ಇದೆಯಲ್ಲ ಅಂತ ನೀವು ಕೇಳಬಹುದು. ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ ಹೆಸರು. ಅದು ಕ್ಯಾಬಿನ್ ಒಳಗೇ ಮತ್ತೆ ತಿರುಗುವ ಗಾಳಿಗೆ, ಹೆಚ್ಚುಕಮ್ಮಿ ಅರ್ಧಕ್ಕೆ. ಧೂಳು, ವೈರಸ್ ಹಿಡಿಯುತ್ತದೆ. ಆವಿ ಹಿಡಿಯಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ಆ ಆಯಿಲ್‌ನಲ್ಲಿ ಸವೆತ ತಡೆಯಲು ಟ್ರೈಕ್ರೆಸಿಲ್ ಫಾಸ್ಫೇಟ್ ಅನ್ನೋದನ್ನು ಸೇರಿಸಿರುತ್ತಾರೆ. ಅದು ಆರ್ಗನೋಫಾಸ್ಫೇಟ್. ನಾವು ತೋಟಕ್ಕೆ ಹೊಡೆಯುವ ಎಷ್ಟೋ ಔಷಧಿಗಳ ಕುಲವೇ. ಅದರಲ್ಲೇ ಒಂದು ಬಗೆ 1930ರಲ್ಲಿ ಅಮೆರಿಕದಲ್ಲಿ ಶುಂಠಿ ಸಾರ ಕುಡಿದವರ ಹೊಟ್ಟೆಗೆ ಹೋಗಿ, ಸಾವಿರಾರು ಜನರ ಕಾಲು ಸ್ವಾಧೀನ ತಪ್ಪಿತ್ತು. ಕುಡಿಯೋದು ಬೇರೆ, ಉಸಿರಲ್ಲಿ ಚೂರು ಹೋಗೋದು ಬೇರೆ, ಒಪ್ಪುತ್ತೇನೆ. ಸುಮ್ನೆ ಹೆದರಿಸಲು ಬರೆಯುತ್ತಿಲ್ಲ.

ವಿಮಾನದ ಗಾಳಿಯಿಂದ ಹೀಗೆ ಆರೋಗ್ಯ ಕೆಡೋದಕ್ಕೆ 1999ರಲ್ಲೇ ಕೆಲವರು ಏರೋಟಾಕ್ಸಿಕ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಅದನ್ನು ಕಾಯಿಲೆ ಅಂತ ವೈದ್ಯಲೋಕ ಇನ್ನೂ ಒಪ್ಪಿಲ್ಲ. ಪ್ರಮಾಣ ಕಡಿಮೆ, ಅಪಾಯ ಇಲ್ಲ ಅನ್ನೋದು ವಿಮಾನದವರ ಮಾತು. ಸರಿ, ಅಳೆದು ಹೇಳಿ! ಬಹುಪಾಲು ವಿಮಾನಗಳ ಕ್ಯಾಬಿನ್‌ನಲ್ಲಿ ಆಯಿಲ್ ಹೊಗೆ ಅಳೆಯುವ ಸೆನ್ಸರ್ರೇ ಇಲ್ಲ. ಮೂಗಿನಲ್ಲಿ ಹಿಡಿದು ಹೇಳಿದರೆ, ನಿದ್ದೆ ಮಾಡು ಅಂತಾರೆ.

ಆಸ್ಟ್ರೇಲಿಯಾದ ಗಗನಸಖಿ ಜೊವಾನ್ ಟರ್ನರ್ 1992ರಲ್ಲಿ ವಿಮಾನದೊಳಗೆ ಇಂಥ ಹೊಗೆ ಕುಡಿದರು. ಕೆಮ್ಮು ಬಿಡಲೇ ಇಲ್ಲ. ಪರಿಹಾರದ ಕೇಸು ಅವರ ಪರವಾಗಿ ಮುಗಿದದ್ದು 2010ರಲ್ಲಿ. ಹದಿನೆಂಟು ವರ್ಷ! ನಮ್ಮ ಹುಡುಗಿಗೆ ಅಷ್ಟು ಕೋರ್ಟು ತಿರುಗುವ ಶಕ್ತಿ ಎಲ್ಲಿದೆ?

ದಾರಿಯೇ ಇಲ್ಲ ಅಂತಲ್ಲ. 2011ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಾಟ ಶುರುಮಾಡಿದ ಬೋಯಿಂಗ್ 787 ಕ್ಯಾಬಿನ್ ಗಾಳಿಯನ್ನು ಇಂಜಿನ್‌ನಿಂದ ತೆಗೆಯಲ್ಲ, ಬೇರೆ ಎಲೆಕ್ಟ್ರಿಕ್ ಕಂಪ್ರೆಸರ್ ಇದೆ. ಇರುವ ವಿಮಾನಗಳನ್ನೆಲ್ಲ ನಾಳೆಯೇ ಬದಲಿಸಿ ಅನ್ನೋಕಾಗಲ್ಲ. ಆದರೆ ಸೆನ್ಸರ್ ಹಾಕೋದು, ವಾಸನೆ ಬಂದರೆ ಬರೆದಿಡೋದು, ಅವತ್ತೇ ರಕ್ತ ತೆಗೆದು ಪರೀಕ್ಷೆ ಮಾಡೋದು ಅಷ್ಟು ಕಷ್ಟವಾ? ನಾನು ಹೊಡೆಯುವ ಔಷಧಿ ಡಬ್ಬಿಯ ಮೇಲೆ ತ್ರಿಕೋನ ಇರುತ್ತದೆ. ಕೆಂಪೋ, ಹಳದಿಯೋ, ನೀಲಿಯೋ, ಹಸಿರೋ, ಎಷ್ಟು ವಿಷ ಅಂತ ಓದು ಬಾರದವನಿಗೂ ತಿಳಿಯಲಿ ಅಂತ. ನಾನು ಬಾಯಿಗೆ ಟವೆಲ್ ಕಟ್ಟುತ್ತೇನೆ, ಗಾಳಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಅವಳು ಎಲ್ಲಿ ತಿರುಗಿ ನಿಲ್ಲಬೇಕು?

ಹೊರಡುವ ದಿನ, ನಾನು ಔಷಧಿ ಲೆಕ್ಕ ಬರೆಯುವಂಥದ್ದೇ ಒಂದು ಉದ್ದ ನೋಟ್‌ಬುಕ್ ಕೊಟ್ಟೆ. ತಾರೀಖು, ಫ್ಲೈಟ್ ನಂಬರ್, ವಾಸನೆ ಯಾವಾಗ ಬಂತು, ಎಷ್ಟು ನಿಮಿಷ, ತಲೆ ಹೇಗಿತ್ತು. ಮೊನ್ನೆ ಫೋಟೋ ಕಳಿಸಿದ್ದಾಳೆ. ಮೂರು ಸಾಲು ತುಂಬಿದೆ. ಮೂರನೆಯದರಲ್ಲಿ ಅವಳ ಅಕ್ಷರ ಸ್ವಲ್ಪ ಸೊಟ್ಟಗಿದೆ.